ಹಂಚಿನ ಏಜೆಂಟರಿಗೆ ಹೊಟ್ಟೆ ತೊಳೆಸಿದ ವರ್ಷ

೧೯೫೬ರ ನವೆಂಬರಿನಲ್ಲಿ ನಮ್ಮ ಜಿಲ್ಲೆ ಇದ್ದಲ್ಲಿಂದ ಒಂದು ಅಂಗುಲವೂ ಕದಲದೆ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಪ್ರಯಾಣ ಮಾಡಿತು. ಅಷ್ಟು ದೊಡ್ಡ ಪ್ರಯಾಣದಲ್ಲಿ ನಮ್ಮ ಊರಾದ ಬಿಜೈಯಲ್ಲಿ ಒಬ್ಬರಿಗೂ ತಲೆ ತಿರುಗಲಿಲ್ಲ, ಹೊಟ್ಟೆ ತೊಳೆಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲಿನ ಪ್ರಯಾಣಗಳ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ನಮ್ಮವರ ಹೆಸರು ಬಾಸಿಲ್. ನಾನು ಮದುವೆಯಾಗಿ ಬಂದಾಗಲೇ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬೆಳಿಗ್ಗೆ ಕೊಡೆ ಹಿಡಿದು ಹೊಳೆಯ ದಂಡೆಯ ತನಕ ನಡೆದು ಹೋಗುವುದು, ಸಂಜೆ ಅದೇ ಕೊಡೆ ಹಿಡಿದು ನಡೆದು ಬರುವುದು. ಅವರ ಲೋಕಸಂಚಾರ ಎಂದರೆ ಅಷ್ಟೇ. ಆದರೆ ಕಾರ್ಖಾನೆಯ ಹಂಚು ಮಾತ್ರ ಹಡಗು ಹತ್ತಿ ಕೊಲಂಬೊ, ಬಸ್ರಾ ಎಂದೆಲ್ಲ ಹೋಗುತ್ತಿತ್ತು. ಹಂಚು ಹೋದ ಊರಿಗೆಲ್ಲ ತಾವೂ ಹೋಗಿಬಂದವರ ಹಾಗೆ ನಮ್ಮವರು ಊಟಕ್ಕೆ ಕೂತು ಮಾತಾಡುತ್ತಿದ್ದರು. 'ಬಸ್ರಾದಲ್ಲಿ ಈಗ ಬಿಸಿಲು ಜೋರು' ಎನ್ನುವರು. ನಾನು ಸಾರು ಬಡಿಸುತ್ತಾ ಹೌದೌದು ಎನ್ನುತ್ತಿದ್ದೆ. ಮನೆಯಲ್ಲಿ ನಾವಿಬ್ಬರೇ. ಹದಿನೆಂಟು ವರ್ಷದಿಂದ ನಾವಿಬ್ಬರೇ. ಎದುರಿಗೆ ಕೂತವರ ಮಾತನ್ನು ನಂಬುವುದಕ್ಕೆ ಬೇರೆ ಯಾರೂ ಇಲ್ಲದ ಮೇಲೆ ಆ ಕೆಲಸವನ್ನೂ ನಾನೇ ಮಾಡಬೇಕಲ್ಲ?

ಆ ನವೆಂಬರಿನಲ್ಲಿ ಕಾರ್ಖಾನೆಯ ತಾರಾನಾಥ ಧಣಿಗಳು ಆಫೀಸಿನ ಎಲ್ಲರನ್ನೂ ಸೇರಿಸಿ ಹೇಳಿದರಂತೆ:

"ಇನ್ನು ನಾವು ಮೈಸೂರಿನವರು. ನಮ್ಮ ಹಂಚು ಘಟ್ಟ ಹತ್ತಬೇಕು. ತೀರ್ಥಹಳ್ಳಿ, ಶಿವಮೊಗ್ಗ ತಿರುಗಿ ಆರ್ಡರ್ ತರಲಿಕ್ಕೆ ಒಬ್ಬ ಟ್ರಾವೆಲಿಂಗ್ ಏಜೆಂಟ್ ಬೇಕು. ಬಸ್ಸಿನಲ್ಲಿ ತಿರುಗಿ ಅಭ್ಯಾಸ ಯಾರಿಗುಂಟು?"

ಎಲ್ಲರೂ ಕಾಲ ಬುಡ ನೋಡಿದರು. ನಮ್ಮವರು ಎದ್ದು ನಿಂತರು.

"ನನಗೆ ಬಸ್ಸು ಎಂದರೆ ತೊಟ್ಟಿಲು, ಧಣಿಗಳೇ."

ತೊಟ್ಟಿಲಿನ ವಿಷಯ ನಮ್ಮವರಿಗೂ ನನಗೂ ಏನು ಗೊತ್ತಿತ್ತು ಎಂದು ಯಾರೂ ಕೇಳಲಿಲ್ಲ. ಬಸ್ಸಿನ ವಿಷಯವಂತೂ ಕೇಳಲೇ ಇಲ್ಲ. ಧಣಿಗಳು ಬೆನ್ನು ತಟ್ಟಿದರು. ನಮ್ಮವರು ಕೂತಿದ್ದ ಕುರ್ಚಿಯನ್ನು ಅದರ ಬಿಸಿ ಆರುವ ಮೊದಲೇ ಜಯಪಾಲನಿಗೆ ಕೊಟ್ಟರು. ಜಯಪಾಲನೆಂದರೆ ನಮ್ಮ ಬಲಗಡೆಯ ಮನೆಯ ಸುಂದರಿಯ ಗಂಡ. ಹಾಗಾಗಿ ಹಿಂದೆ ಹೋಗುವ ದಾರಿ ಅಲ್ಲಿಗೆ ಮುಚ್ಚಿತು. ಮುಂದೆ ಹೋಗುವ ದಾರಿ ಆಗುಂಬೆ ಘಟ್ಟದ ಮೇಲಿಂದ.

ಸಂಜೆಗೆ ನಮ್ಮ ಬಾಗಿಲಿನ ಮೇಲೆ 'ಬಿ. ರೇಗೊ, ಟ್ರಾವೆಲಿಂಗ್ ಏಜೆಂಟ್' ಎಂಬ ಬೋರ್ಡು ಏರಿತು. ಎಡಗಡೆಯ ಮನೆಯ ರೊಸಾಲಿನ್ ಕೈಕಟ್ಟಿ ನಿಂತು ಅದನ್ನು ಓದಿದಳು. ಅವಳು ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಯಾವುದನ್ನು ನೋಡಿದರೂ ರೋಗಿಯನ್ನು ನೋಡಿದ ಹಾಗೆ ನೋಡುತ್ತಾಳೆ.

"ಟ್ರಾವೆಲಿಂಗ್ ಎಲ್ಲಿಗೆ, ಬಾಸಿಲ್?"

"ಸದ್ಯಕ್ಕೆ ಮೈಸೂರು ರಾಜ್ಯ," ಎಂದರು ನಮ್ಮವರು. ರಾಜ್ಯ ಸಾಲದಿದ್ದರೆ ಮುಂದೆ ನೋಡೋಣ ಎನ್ನುವ ಧ್ವನಿಯಲ್ಲಿ.

ಹೊಸ ಕೋಟು, ಹೊಸ ಟೊಪ್ಪಿ, ಮಾದರಿಗೆಂದು ಎರಡು ಹಂಚು ಇಟ್ಟ ಚೀಲ. ಬೆಳಿಗ್ಗೆ ಬಸ್ಸು ಹತ್ತಿಸಿ ಬಂದೆ. ಮೂರನೆಯ ದಿನ ಸಂಜೆ ಅವರು ವಾಪಸು ಬಂದಾಗ ಟೊಪ್ಪಿ ಕೈಯಲ್ಲಿತ್ತು. ಮುಖ ಬೆಂಕಿಗೆ ಬಾಡಿಸಿದ ಬಾಳೆಲೆಯ ಹಾಗಿತ್ತು.

"ಘಟ್ಟ ಹೇಗಿತ್ತು?" ಎಂದೆ.

"ದೊಡ್ಡದು."

"ಶಿವಮೊಗ್ಗ?"

"ಕಣ್ಣು ಬಿಟ್ಟಾಗ ಕಾಣ್ತಿತ್ತು."

ನಾನು ಕೋಟು ಒಗೆಯಲು ತೆಗೆದುಕೊಂಡ ಮೇಲೆ ಅವರು ಹೇಳಬೇಕಾದ್ದನ್ನೆಲ್ಲ ಕೋಟೇ ಹೇಳಿತು. ಘಟ್ಟದ ಮಾತು ಹಾಗಿರಲಿ, ಅದು ಇನ್ನೂ ಅರ್ಧ ದಿನದ ದಾರಿ. ನಮ್ಮ ಮಗ್ಗುಲಿನ ನಂತೂರು ದಾಟುವ ಮೊದಲೇ, ಮಟ್ಟಸವಾದ ರಸ್ತೆಯಲ್ಲಿ, ಅವರಿಗೆ ವಾಂತಿ ಶುರುವಾಗಿತ್ತಂತೆ. ಸೋಮೇಶ್ವರದಲ್ಲಿ ದೊಡ್ಡ ಬಸ್ಸಿನಿಂದ ಇಳಿಸಿ ಘಟ್ಟ ಹತ್ತುವ ಸಣ್ಣ ಗಾಡಿಗೆ ಹತ್ತಿಸುವಾಗ ಕಂಡಕ್ಟರು 'ಇದನ್ನು ಮೇಲೆ ಕಟ್ಟಲಿಕ್ಕಾ, ಒಳಗೆ ಕೂರಿಸಲಿಕ್ಕಾ?' ಎಂದು ಕೇಳಿದ್ದು ಚೀಲದ ವಿಷಯವಲ್ಲ, ನಮ್ಮವರ ವಿಷಯ.

"ಎಸ್ತೆರ್," ಎಂದರು ಅವರು, "ಧಣಿಗಳಿಗೆ ಗೊತ್ತಾದರೆ ನನ್ನ ಕೆಲಸ ಹೋಗ್ತದೆ. ಹಳೆ ಕುರ್ಚಿಯೂ ಇಲ್ಲ."

"ಮುಂದಿನ ಸಲ ನಾನೂ ಬರ್ತೇನೆ."

"ಹೆಂಡತಿಯನ್ನು ಕಟ್ಟಿಕೊಂಡು ತಿರುಗುವ ಏಜೆಂಟ್ ಎಲ್ಲಿಯಾದರೂ ಉಂಟಾ?"

"ಬಕೆಟ್ ಕಟ್ಟಿಕೊಂಡು ತಿರುಗುವ ಏಜೆಂಟ್ ಉಂಟಾ?"

ಆ ಮಾತು ಅಲ್ಲಿಗೆ ಮುಗಿಯಿತು.

ಇಲ್ಲಿಂದ ಮುಂದೆ ಎರಡು ಕಥೆಗಳು ಒಟ್ಟಿಗೆ ನಡೆದವು. ಒಂದು ನನಗೆ ಗೊತ್ತಿತ್ತು, ಇನ್ನೊಂದು ಬಿಜೈಗೆಲ್ಲ ಗೊತ್ತಿತ್ತು.

ಬಿಜೈಗೆ ಗೊತ್ತಿದ್ದದ್ದು ಹಣ್ಣಿನ ಅಂಗಡಿಯಲ್ಲಿ ಶುರುವಾಯಿತು. ನಮ್ಮವರು ಹೊಟ್ಟೆ ತೊಳೆಸುವುದಕ್ಕೆ ಮದ್ದು ಎಂದು ಹಸೈನಾರ್ ಬ್ಯಾರಿಯ ಅಂಗಡಿಯಲ್ಲಿ ನಿಂಬೆಹಣ್ಣು ಆರಿಸುತ್ತಿದ್ದರು.

"ಎಂತ ಪೊರ್ಬುಗಳೇ, ಇಷ್ಟು ನಿಂಬೆ? ಹಸಿಶುಂಠಿಯೂ ಬೇಕಾ? ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯೂ? ಮನೆಯಲ್ಲಿ ಎಂತ ವಿಶೇಷ?" ಎಂದ ಹಸೈನಾರ್. ಕ್ರಿಸ್ತರನ್ನು ನಮ್ಮ ಕಡೆ ಪೊರ್ಬುಗಳು ಎನ್ನುವುದು.

ಮಗ್ಗುಲಲ್ಲಿ ಸುಂದರಿ ಬದನೆಕಾಯಿ ನೋಡುತ್ತಾ ನಿಂತಿದ್ದಳು. ಸುಂದರಿಗೆ ಹೇಳಿದ್ದು ಜಯಪಾಲನಿಗೆ ತಲುಪುತ್ತದೆ, ಜಯಪಾಲನಿಗೆ ತಲುಪಿದ್ದು ಧಣಿಗಳಿಗೆ. ನಮ್ಮವರು ಬೆವತರು.

"ನನಗಲ್ಲ ಮಾರಾಯ್ರೆ. ಮನೆಯವಳಿಗೆ. ಈಗೀಗ ಬೆಳಿಗ್ಗೆ ಎದ್ದ ಕೂಡಲೆ ಹೊಟ್ಟೆ ತೊಳೆಸ್ತದಂತೆ."

ಒಬ್ಬ ಗಂಡಸು ಇಂಥ ಮಾತನ್ನು ಎಷ್ಟು ಹಗುರವಾಗಿ ಆಡಬಹುದು ಎಂಬುದಕ್ಕೆ ನಮ್ಮವರೇ ಸಾಕ್ಷಿ. ಹಸೈನಾರ್ ಒಂದು ಕ್ಷಣ ಅವರ ಮುಖ ನೋಡಿದನಂತೆ. ಆಮೇಲೆ ತಕ್ಕಡಿಯಲ್ಲಿದ್ದ ನಿಂಬೆಯ ಮೇಲೆ ಇನ್ನೂ ಒಂದು ಹಿಡಿ ಹಾಕಿ, 'ದೇವರು ದೊಡ್ಡವನು' ಎಂದನಂತೆ. ನಿಂಬೆಯ ವ್ಯಾಪಾರದಲ್ಲಿ ದೇವರು ಯಾಕೆ ಬಂದ ಎಂದು ನಮ್ಮವರಿಗೆ ಹೊಳೆಯಲಿಲ್ಲ. ಸುಂದರಿ ಬದನೆಕಾಯಿ ಬಿಟ್ಟು ಮನೆಗೆ ಓಡಿದಳು.

ನನ್ನ ಮಟ್ಟಿಗೆ ಆದದ್ದು ಇಷ್ಟು. ಮರುದಿನದಿಂದ ನಮ್ಮ ಮನೆಗೆ ಪಾತ್ರೆಗಳು ಬರತೊಡಗಿದವು. ಸುಂದರಿ ಬಸಳೆ ಪದಾರ್ಥ ತಂದಳು. ರೊಸಾಲಿನ್ ಮೀನಿನ ಸಾರು ಕೊಟ್ಟು, "ಮುಳ್ಳು ತೆಗೆದಿದ್ದೇನೆ, ಹೆದರಬೇಡ" ಎಂದಳು. ಹಸೈನಾರ್ ಖರ್ಜೂರ ಕಳಿಸಿದ. ನಾನು ಬಾವಿಯಿಂದ ಕೊಡ ಎತ್ತಿದರೆ ಸಾಕು, ಎರಡೂ ಬೇಲಿಯ ಮೇಲಿಂದ ಒಟ್ಟಿಗೆ ಕೂಗು: "ಅಯ್ಯೋ, ಬೇಡ, ಬೇಡ!"

ಯಾರೂ ಒಂದು ಮಾತು ಬಿಡಿಸಿ ಹೇಳಲಿಲ್ಲ. ಹದಿನೆಂಟು ವರ್ಷದ ಮೇಲೆ ಆದದ್ದು; ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ. ನಾಲ್ಕು ಜಾತಿ, ನಾಲ್ಕು ಭಾಷೆಯವರಿರುವ ನಮ್ಮ ಓಣಿಯಲ್ಲಿ ಅದುವರೆಗೆ ಎಲ್ಲರೂ ಒಪ್ಪಿದ ಒಂದೇ ವಿಷಯ ಅದು. ನಾನೋ, ಇದೆಲ್ಲ ಬಾಗಿಲಿನ ಮೇಲಿನ ಬೋರ್ಡಿನ ಮಹಿಮೆ ಎಂದುಕೊಂಡೆ. ಏಜೆಂಟರ ಹೆಂಡತಿ ಎಂದರೆ ಇಷ್ಟು ಮರ್ಯಾದೆ ಉಂಟು ಎಂದು ಗೊತ್ತಿದ್ದರೆ ಮೊದಲೇ ಇವರನ್ನು ಏಜೆಂಟ್ ಆಗಲು ಹೇಳುತ್ತಿದ್ದೆ ಎಂದು ಖರ್ಜೂರ ತಿನ್ನುತ್ತಾ ಯೋಚಿಸಿದೆ. ತಿಂದು ತಿಂದು ರವಿಕೆ ಬಿಗಿಯಾಯಿತು. ರೊಸಾಲಿನ್ ನನ್ನನ್ನು ಮೇಲಿಂದ ಕೆಳಗೆ ನೋಡಿ ತೃಪ್ತಿಯಿಂದ ತಲೆಯಾಡಿಸಿದಳು.

ಇನ್ನು ನನಗೆ ಗೊತ್ತಿದ್ದ ಕಥೆ. ಅದು ಬಸ್ಸಿನದು.

ನಾನು ಆವರೆಗೆ ಗುರುಪುರದ ಹೊಳೆ ದಾಟಿದವಳಲ್ಲ. ಓಣಿಯಲ್ಲಿ ಕೇಳಿದವರಿಗೆ ಘಟ್ಟದ ಮೇಲಿನ ಇಗರ್ಜಿಗೆ ಹರಕೆ ಉಂಟು ಎಂದೆ; ಹರಕೆಗೆ ಹೋಗುವವಳನ್ನು ಯಾರೂ ತಡೆಯಲಿಲ್ಲ. ಗಂಡನ ತಲೆ ಹಿಡಿಯಲಿಕ್ಕೆಂದು ಹೋದವಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ನಮ್ಮವರು ಕಣ್ಣು ಮುಚ್ಚಿ, ಮೂಗಿಗೆ ನಿಂಬೆ ಹಿಡಿದು, ನನ್ನ ಹೆಗಲಿಗೆ ಒರಗಿದರು. ನಾನು ಕಣ್ಣು ತೆರೆದು ಕೂತೆ. ಮೂಡಬಿದಿರೆ, ಕಾರ್ಕಳ, ಆಮೇಲೆ ಆ ಘಟ್ಟ! ಗಾಡಿ ತಿರುವು ತೆಗೆದುಕೊಂಡಾಗಲೆಲ್ಲ ನಾನು ಬಿಟ್ಟುಬಂದ ಊರು ಇನ್ನಷ್ಟು ಸಣ್ಣದಾಗಿ ಕಾಣುತ್ತಿತ್ತು. ಎಲ್ಲರೂ ಕೊರಳ ಸರವನ್ನೋ ಕಂಬಿಯನ್ನೋ ಹಿಡಿದು ದೇವರನ್ನು ಕರೆಯುತ್ತಿದ್ದರು. ನಾನು ಮಾತ್ರ ಗಾಡಿ ಇನ್ನೂ ಸ್ವಲ್ಪ ತಿರುಗಲಿ ಎಂದು ಒಳಗೊಳಗೇ ಬೇಡಿಕೊಂಡೆ. ಅದನ್ನು ಪಾಪನಿವೇದನೆಯಲ್ಲೂ ಹೇಳಿಲ್ಲ.

ತೀರ್ಥಹಳ್ಳಿಯಲ್ಲಿ ಇಳಿದಾಗ ಏಜೆಂಟರಿಗೆ ನಿಲ್ಲಲು ಆಗುತ್ತಿರಲಿಲ್ಲ. ಮಂಡಿಯ ಸಾಹುಕಾರರ ಅಂಗಡಿಯಲ್ಲಿ ಅಕ್ಕಿಮೂಟೆಯ ಮೇಲೆ ಮಲಗಿಸಿದೆ. ಸಾಹುಕಾರರು ನಮ್ಮವರನ್ನೂ ನನ್ನನ್ನೂ ಮಾದರಿಯ ಹಂಚನ್ನೂ ನೋಡಿದರು.

"ಮಾತಾಡುವುದು ಯಾರು?"

ಹಂಚು ಮಾತಾಡುವುದಿಲ್ಲ, ನಮ್ಮವರು ಆಡಲಾರರು. ನಾನು ಆಡಿದೆ. ನನಗೆ ವ್ಯಾಪಾರ ಗೊತ್ತಿರಲಿಲ್ಲ. ನಮ್ಮ ಮನೆಯ ಹಂಚಿನ ಮಾಡಿನ ಕೆಳಗೆ ಕೂತು ನೋಡಿದ ಮಳೆಗಾಲಗಳು ಮಾತ್ರ ಗೊತ್ತಿದ್ದವು. ಅದನ್ನೇ ಹೇಳಿದೆ. ಎಲ್ಲಿ ಸೋರುತ್ತದೆ, ಯಾಕೆ ಸೋರುತ್ತದೆ, ಅಡಿಗೆ ಮನೆಯ ಮೇಲೆ ಎಂಥದು ಹಾಕಿದರೆ ಹೊಗೆ ಹೋಗುತ್ತದೆ. ಅಷ್ಟರಲ್ಲಿ ಒಳಗಿನಿಂದ ಸಾಹುಕಾರರ ಹೆಂಡತಿ ಬಂದು, 'ಇವರು ಹೇಳುವುದು ಸರಿ, ನಮ್ಮ ಅಡಿಗೆ ಮನೆಯದೂ ಅದೇ ಗೋಳು' ಎಂದು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಕಾಫಿ ಕುಡಿದು ಹೊರಗೆ ಬರುವಾಗ ಎರಡು ಲಾರಿ ಹಂಚಿಗೆ ಆರ್ಡರ್ ಆಗಿತ್ತು. ನಮ್ಮವರು ಅಕ್ಕಿಮೂಟೆಯಿಂದ ಎದ್ದು ಸಹಿ ಹಾಕಿ ಮತ್ತೆ ಮಲಗಿದರು.

ಡಿಸೆಂಬರಿನಿಂದ ಮಾರ್ಚ್ ತನಕ ಹೀಗೆ ತಿರುಗಿದೆವು. ಘಟ್ಟದ ಮೇಲೆ 'ಮಕ್ಕಳೆಷ್ಟು?' ಎಂದು ನನ್ನನ್ನು ಯಾರೂ ಕೇಳಲಿಲ್ಲ. 'ಲಾರಿಗೆ ಎಷ್ಟು ಹಂಚು ಹಿಡಿಯುತ್ತದೆ?' ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಎಷ್ಟು ಸುಖವಾಗುತ್ತದೆ ಎಂದು ನನಗೆ ನಲವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು.

ಈಸ್ಟರ್ ಹತ್ತಿರ ಬಂದಾಗ ಕುಲಶೇಖರದಿಂದ ಮಾಂಯ್ ಬಂದರು. ಮಾಂಯ್ ಎಂದರೆ ನನ್ನ ಅತ್ತೆ. ನಮ್ಮ ಭಾವ ಗ್ರೆಗರಿಯ ಮನೆಯಲ್ಲಿರುವವರು. ಕೆಟ್ಟವರಲ್ಲ; ಆದರೆ ಮದುವೆಯಾಗಿ ಕೆಲವು ವರ್ಷಗಳ ನಂತರ ಅವರು ನನ್ನ ಜೊತೆ ಮಾತು ಕಡಿಮೆ ಮಾಡಿದ್ದರು. ಯಾವ ಮಾತು ಎತ್ತಿದರೂ ಅದು ಹೋಗಿ ಆ ಒಂದು ಮಾತಿಗೆ ಮುಟ್ಟುತ್ತದೆಂದು ಹೆದರಿ, ಹವೆಯ ವಿಷಯ ಮಾತ್ರ ಮಾತಾಡುತ್ತಿದ್ದರು. ಅಂದು ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡು, ಮಗಳನ್ನು ಕರೆಯುವ ಹಾಗೆ 'ಬಾಯ್' ಎಂದು ಕರೆದರು.

"ನನಗೆ ರೊಸಾಲಿನ್ ಹೇಳಿದಳು. ಇಗರ್ಜಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ, ಬಾಯ್. ಇಷ್ಟು ತಿಂಗಳು ನನಗೊಂದು ಮಾತು ಹೇಳಲಿಲ್ಲ ನೀನು. ಇರಲಿ, ಹೆದರಿಕೆ ಇರ್ತದೆ. ಇನ್ನು ಬಸ್ಸು ಗಿಸ್ಸು ಹತ್ತುವುದು ಬೇಡ. ಮೇ ತಿಂಗಳಲ್ಲಿ ಹೂ ಮುಡಿಸುವ."

ನಮ್ಮಲ್ಲಿ ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ಹೂ ಮುಡಿಸುವ ಶಾಸ್ತ್ರ ಉಂಟು. ನನಗೆ ಒಂದೇ ಸಲಕ್ಕೆ ಎಲ್ಲವೂ ಅರ್ಥವಾಯಿತು: ಬಸಳೆ, ಖರ್ಜೂರ, ಮುಳ್ಳು ತೆಗೆದ ಮೀನು. ತಿರುಗಿ ನಮ್ಮವರನ್ನು ನೋಡಿದೆ. ಅವರು ತಲೆಯೆತ್ತಿ ಮಾಡಿನ ಹಂಚನ್ನು ಪರೀಕ್ಷೆ ಮಾಡುತ್ತಿದ್ದರು.

"ಏನು ಹೇಳಿದಿರಿ ಹಸೈನಾರನ ಹತ್ತಿರ?" ಎಂದು ಅಡಿಗೆ ಮನೆಯಲ್ಲಿ ಹಿಡಿದು ಕೇಳಿದೆ.

"ಹೊಟ್ಟೆ ತೊಳೆಸ್ತದೆ ಅಂತ ಮಾತ್ರ. ಬೇರೆ ಎಂತದೂ ಹೇಳಲಿಲ್ಲ, ದೇವರಾಣೆ. ಉಳಿದದ್ದು ಅವರು ಅವರೇ ಮಾಡಿಕೊಂಡದ್ದು."

"ಈಗಲೇ ಹೋಗಿ ಹೇಳಿ, ವಾಂತಿ ನಿಮ್ಮದು ಅಂತ."

"ಸುಂದರಿಗೆ ಗೊತ್ತಾದರೆ ಧಣಿಗಳಿಗೆ ಗೊತ್ತಾಗ್ತದೆ. ಕೆಲಸ ಹೋದರೆ..."

ನಾನೇ ಹೇಳಲೆಂದು ಹೊರಗೆ ಬಂದೆ. ಮಾಂಯ್ ಸುಂದರಿಗೂ ರೊಸಾಲಿನಿಗೂ ನಾನು ಮದುವೆಯ ದಿನ ಹೇಗೆ ಕಾಣುತ್ತಿದ್ದೆ ಎಂದು ವರ್ಣಿಸುತ್ತಿದ್ದರು. ನನ್ನ ಅತ್ತೆ ನನ್ನನ್ನು ಹೊಗಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಕೇಳಿದೆ. ಕೇಳಿ, ಹೇಳಬೇಕಾದ್ದನ್ನು ನಾಳೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಹೇಳಹೊರಟೆ. "ಮಾಂಯ್, ಒಂದು ಮಾತು..." "ತಣ್ಣೀರಲ್ಲಿ ಕೈ ಹಾಕಬೇಡ." ಅದರ ಮರುದಿನ, "ಮಾಂಯ್, ನೀವು ಎಣಿಸಿದ ಹಾಗೆ..." "ಗಂಡೋ ಹೆಣ್ಣೋ, ನನಗೆ ಎರಡೂ ಒಂದೇ. ನೀನು ತಲೆಬಿಸಿ ಮಾಡಬೇಡ." ರೊಸಾಲಿನ್ ನಾಡಿ ಹಿಡಿದು ನೋಡಿದಳು. "ಹೊಟ್ಟೆ ಸಣ್ಣದು," ಎಂದೆ ನಾನು, ಅವಳಿಗಾದರೂ ಹೊಳೆಯಲಿ ಎಂದು. "ಕೆಲವರಿಗೆ ಕೊನೆಯ ತನಕ ಕಾಣುವುದೇ ಇಲ್ಲ," ಎಂದು ಅವಳು ನನಗೇ ಧೈರ್ಯ ಹೇಳಿದಳು. ಇಷ್ಟು ವರ್ಷ ಆಸ್ಪತ್ರೆಯಲ್ಲಿದ್ದವಳು ಹೀಗೆ ಹೇಳಿದರೆ ನನಗೇ ಒಂದು ಕ್ಷಣ ಅನುಮಾನ ಬಂತು.

ಆ ಅನುಮಾನದೊಂದಿಗೆ ಬಾವಿಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಆಮೇಲೆ ಎದ್ದು ಪಾತ್ರೆ ತೊಳೆದೆ.

ಇತ್ತ ನಮ್ಮವರು ಒಬ್ಬರೇ ಪ್ರಯಾಣ ಹೊರಟರು. ಒಂದು ಸಲ ಹೋಗಿ ಖಾಲಿ ಕೈಯಲ್ಲಿ ಬಂದರು. ಇನ್ನೊಂದು ಸಲ ಹೋದಾಗ ಮಾದರಿಯ ಹಂಚನ್ನೂ ಎಲ್ಲಿಯೋ ಬಿಟ್ಟು ಬಂದರು. "ಸಾಹುಕಾರರು, 'ಅಮ್ಮ ಬರಲಿಲ್ಲವಾ?' ಅಂತ ಕೇಳ್ತಾರೆ. ನನ್ನನ್ನು ನೋಡಿ ಅಕ್ಕಿಮೂಟೆ ತೋರಿಸ್ತಾರೆ," ಎಂದರು. ನಾನು ಕಿಟಕಿಯ ಹತ್ತಿರ ಕೂತು ಬಿಜೈಯ ರಸ್ತೆ ನೋಡುತ್ತಿದ್ದೆ. ಅದು ಯಾವ ತಿರುವೂ ತೆಗೆದುಕೊಳ್ಳುತ್ತಿರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಮಾಂಯ್ ಹೂ ಮುಡಿಸುವ ದಿನ ಇಟ್ಟರು. ಮುನ್ನಾದಿನವೇ ಶಿವಮೊಗ್ಗದಿಂದ ಬರಬೇಕಾಗಿದ್ದ ನಮ್ಮವರು ಬಂದಿರಲಿಲ್ಲ. ಮಧ್ಯಾಹ್ನ ಕಳೆದು ಮನೆ ತುಂಬ ಹೆಂಗಸರು ಸೇರಿದರು. ಹರಿವಾಣದಲ್ಲಿ ರಾಶಿ ಮಲ್ಲಿಗೆ. ನಡುವೆ ಬಿಳಿ ಬಟ್ಟೆ ಹಾಸಿದ ಕುರ್ಚಿ. ಸುಂದರಿ ತನ್ನ ಕಡೆಯಿಂದ ಹಸಿರು ಬಳೆ, ಐದು ಬಗೆಯ ತಿಂಡಿ ತಂದಿದ್ದಳು, "ನಮ್ಮಲ್ಲಿ ಬಯಕೆ ಅಂತ ಮಾಡ್ತೇವೆ, ನಿಮ್ಮ ದೇವರು ಬೇಡ ಅನ್ನುವುದಿಲ್ಲ ಅಲ್ವಾ?" ಎಂದಳು. ಮಾಂಯ್, "ತಿಂಡಿ ಬೇಡ ಅನ್ನುವ ದೇವರು ಇಲ್ಲ," ಎಂದರು.

ನನ್ನನ್ನು ಕುರ್ಚಿಗೆ ಕರೆದರು. ನಾನು ಕೂರಲಿಲ್ಲ. ಕೆಲಸ ಹೋದರೆ ಹೋಗಲಿ, ಈ ಹೂವನ್ನು ಸುಳ್ಳಿಗೆ ಮುಡಿಯಬಾರದು ಎಂದು ನಿಶ್ಚಯಿಸಿ ಬಾಯಿ ತೆರೆದೆ.

"ಮಾಂಯ್, ಇವತ್ತು ನೀವು ಕೇಳಲೇಬೇಕು..."

ಹೊರಗೆ ಕಾರಿನ ಹಾರ್ನು ಕೇಳಿತು.

ತಾರಾನಾಥ ಧಣಿಗಳು ಅಂಗಳದಲ್ಲಿ ಇಳಿದರು. ಅವರ ಬಿಳಿ ಪಂಚೆಯ ಮೇಲಿನ ಕಲೆ ನೋಡಿದ ಕೂಡಲೇ ನನಗೆ ವಿಷಯ ತಿಳಿಯಿತು. ಹಿಂದೆಯೇ ನಮ್ಮವರು ಬಾಗಿಲು ಹಿಡಿದು, ಗೋಡೆ ಹಿಡಿದು, ರೊಸಾಲಿನಳ ಭುಜ ಹಿಡಿದು ಒಳಗೆ ಬಂದರು. ಎದುರಿಗೆ ಬಿಳಿ ಬಟ್ಟೆ ಹಾಸಿದ ಕುರ್ಚಿ ಕಂಡಿತು. ಅದರಲ್ಲಿ ಕುಸಿದು ಕೂತು ಕಣ್ಣು ಮುಚ್ಚಿದರು. ಹಾಡು ಹೇಳಲು ತಯಾರಾಗಿ ನಿಂತಿದ್ದ ಒಬ್ಬ ಮುದುಕಿ, ಯಾರಾದರೂ ಕುರ್ಚಿಯಲ್ಲಿ ಕೂತರೆ ಶುರುಮಾಡಬೇಕೆಂದು ಹೇಳಿದ್ದರಿಂದ, ಶುರುಮಾಡಿಬಿಟ್ಟಳು. ರೊಸಾಲಿನ್ ಅವಳ ಬಾಯಿ ಮುಚ್ಚಿದಳು.

"ಬಾಯಮ್ಮ," ಎಂದರು ಧಣಿಗಳು ನನಗೆ, "ಶಿವಮೊಗ್ಗದಿಂದ ಬರ್ತಿದ್ದೆ. ಆಗುಂಬೆಯ ಬಸ್ ಸ್ಟ್ಯಾಂಡಿನಲ್ಲಿ ನನ್ನ ಏಜೆಂಟ್ ಬೆಂಚಿನ ಮೇಲೆ ಮಲಗಿದ್ದಾರೆ. ಸುತ್ತ ಜನ. ಸತ್ತಿದ್ದಾರೆ ಅಂತ ಎರಡು ಜನ ಹೇಳ್ತಾರೆ, ಇಲ್ಲ ಅಂತ ಎರಡು ಜನ. ಪಾಪ ಅಂತ ಕಾರಿನಲ್ಲಿ ಹಾಕಿಕೊಂಡೆ. ಘಟ್ಟ ಇಳಿಯುವ ತನಕ ನನ್ನ ಮೈಮೇಲೆ ಒಂದು ಜಾಗ ಬಿಡಲಿಲ್ಲ ಇವರು!"

ಸುಂದರಿ ಕುರ್ಚಿಯನ್ನೂ ನನ್ನನ್ನೂ ನೋಡಿದಳು. "ಇದೆಂತ ಮಾರಾಯ್ತಿ, ಗಂಡನಿಗೂ ಹೊಟ್ಟೆ ತೊಳೆಸ್ತದಾ?"

"ಗಂಡನಿಗೆ ಮಾತ್ರ," ಎಂದೆ ನಾನು.

ಆಮೇಲೆ ಒಂದೊಂದಾಗಿ ಹೇಳಿದೆ. ನಿಂಬೆಹಣ್ಣು ಇವರಿಗೆ. ಶುಂಠಿ ಇವರಿಗೆ. ಮಾವಿನಕಾಯಿ ಇವರಿಗೆ. ನನಗೆ ಬೆಳಿಗ್ಗೆ ಎದ್ದರೆ ಹಸಿವಾಗುತ್ತದೆ, ಅಷ್ಟೇ. "ಮಾಂಯ್, ನನಗೆ ಏನೂ ಇಲ್ಲ. ಯಾವಾಗಲೂ ಇರಲಿಲ್ಲ. ಮೊದಲೇ ಹೇಳಬೇಕಿತ್ತು. ನೀವು ಕೈ ಹಿಡಿದಿರಿ, ನನಗೆ ಬಾಯಿ ಬರಲಿಲ್ಲ."

ಮಾಂಯ್ ಮಲ್ಲಿಗೆಯ ಹರಿವಾಣ ಹಿಡಿದು ನಿಂತಲ್ಲೇ ನಿಂತಿದ್ದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ರೊಸಾಲಿನ್ ತನ್ನ ಕೈಬೆರಳನ್ನೇ ನೋಡಿಕೊಂಡಳು, ನಾಡಿ ಹಿಡಿದ ಬೆರಳು.

ಧ್ವನಿ ಬಂದದ್ದು ಕುರ್ಚಿಯಿಂದ. ನಮ್ಮವರು ಕಣ್ಣು ತೆರೆದಿದ್ದರು.

"ಧಣಿಗಳೇ, ಆರ್ಡರ್ ಎಲ್ಲ ತಂದದ್ದು ಇವಳು. ನಾನು ಸಹಿ ಹಾಕಿದ್ದು ಮಾತ್ರ. ನನ್ನನ್ನು ತೆಗೆದುಹಾಕಿ. ಆದರೆ ಇವಳನ್ನು ಬಸ್ಸಿನಿಂದ ಇಳಿಸಬೇಡಿ." ಒಂದು ಸಲ ಉಸಿರೆಳೆದುಕೊಂಡು ಮುಂದುವರಿಸಿದರು. "ಘಟ್ಟ ಹೇಗುಂಟು ಅಂತ ನನಗೆ ಗೊತ್ತಿಲ್ಲ. ನಡುವೆ ಕಣ್ಣು ಬಿಟ್ಟಾಗಲೆಲ್ಲ, ಇವಳು ಕಿಟಕಿಯ ಹೊರಗೆ ನೋಡುವುದು ಕಾಣ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವಳ ಮುಖ ಹಾಗೆ ಇದ್ದದ್ದು ನಾನು ನೋಡಿರಲಿಲ್ಲ. ಅದಕ್ಕೇ ಮತ್ತೆ ಮತ್ತೆ ಬಸ್ಸು ಹತ್ತಿದ್ದು. ಇಲ್ಲದಿದ್ದರೆ ಎರಡನೆಯ ಸಲಕ್ಕೇ ಬಿಟ್ಟುಬಿಡ್ತಿದ್ದೆ."

ಇಷ್ಟು ಹೇಳಿ ಮತ್ತೆ ಕಣ್ಣು ಮುಚ್ಚಿದರು. ಕೊಲಂಬೊ, ಬಸ್ರಾದ ಬಗ್ಗೆ ಸಾವಿರ ಸಲ ಮಾತಾಡಿದವರು ನನ್ನ ಬಗ್ಗೆ ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ.

ಧಣಿಗಳು ಪಂಚೆಯನ್ನು ಒಂದು ಕೈಯಲ್ಲಿ ದೂರ ಹಿಡಿದುಕೊಂಡು ಯೋಚಿಸಿದರು.

"ಶಿವಮೊಗ್ಗದಲ್ಲಿ ನನ್ನ ಪರಿಚಯ ಯಾರಿಗೂ ಇಲ್ಲ. 'ಹಂಚಿನ ಅಮ್ಮನ ಕಾರ್ಖಾನೆಯವರು' ಅಂದ ಮೇಲೆ ಕುರ್ಚಿ ಕೊಟ್ಟರು. ನನ್ನ ಕಾರ್ಖಾನೆಗೆ ಅಮ್ಮ ಯಾರು ಅಂತ ದಾರಿಯುದ್ದಕ್ಕೂ ತಲೆಬಿಸಿ ಆಗಿತ್ತು." ಅವರು ನನ್ನ ಕಡೆ ತಿರುಗಿದರು. "ಹೆಂಗಸನ್ನು ಒಬ್ಬಳೇ ಘಟ್ಟಕ್ಕೆ ಕಳಿಸಿದರೆ ಊರವರು ನನ್ನನ್ನು ಬಿಡ್ತಾರಾ? ಜೊತೆಗೆ ಒಬ್ಬ ಗಂಡಸು ಬೇಕು. ಈ ಪೊರ್ಬುಗಳು ಜೊತೆಗೆ ಬರಲಿ. ಏಜೆಂಟ್ ನೀವು. ಮಳೆ ಹಿಡಿಯುವ ಮೊದಲು ಇನ್ನೊಂದು ಸುತ್ತು ಆಗಬೇಕು. ಬುಧವಾರ ಹೋಗ್ತೀರಾ?"

ಹೋಗುತ್ತೇನೆ ಎಂದು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ನಾನು ಮಾಂಯ್ ಕಡೆ ನೋಡಿದೆ. ಎಲ್ಲರೂ ನೋಡಿದರು. ಅವರು ಹರಿವಾಣವನ್ನು ಕೆಳಗಿಟ್ಟರು. ಮಾಲೆಯಲ್ಲಿ ಒಂದು ಮೊಳ ಹರಿದು ಮಗನ ಮಡಿಲಿಗೆ ಎಸೆದರು.

"ವಾಂತಿ ಮಾಡಿದವನಿಗೆ ಇದು ಸಾಕು."

ಮೊದಲು ನಕ್ಕದ್ದು ಸುಂದರಿ. ಆಮೇಲೆ ಇಡೀ ಮನೆ ನಕ್ಕಿತು. ಬಾಯಿ ಮುಚ್ಚಿಸಿಕೊಂಡಿದ್ದ ಮುದುಕಿ ಹಾಡನ್ನು ನಿಲ್ಲಿಸಿದ ಸಾಲಿನಿಂದಲೇ ಮತ್ತೆ ಹಿಡಿದಳು. ಆ ಗದ್ದಲದಲ್ಲಿ ಮಾಂಯ್ ನನ್ನ ಹಿಂದೆ ಬಂದು ನಿಂತು, ಉಳಿದ ಮಲ್ಲಿಗೆಯನ್ನೆಲ್ಲ ನನ್ನ ಮುಡಿಗೆ ಸಿಕ್ಕಿಸತೊಡಗಿದರು.

"ಮಾಂಯ್, ಇದು ಯಾಕೆ?"

"ಸುಮ್ಮನೆ ನಿಲ್ಲು. ಇಷ್ಟು ಹೂವನ್ನು ಎಂತ ಮಾಡುವುದು ಮತ್ತೆ?" ಒಂದು ಪಿನ್ನು ನನ್ನ ನೆತ್ತಿಗೆ ಚುಚ್ಚಿತು. "ಹವೆಯ ಮಾತು ಆಡಿ ಆಡಿ ನನಗೂ ಸಾಕಾಗಿತ್ತು," ಎಂದರು. ನಾನು ತಿರುಗಲಿಲ್ಲ. ಅವರು ಅಳುವುದನ್ನು ನಾನು ನೋಡಬಾರದೆಂದೇ ಅವರು ನನ್ನ ಬೆನ್ನ ಹಿಂದೆ ನಿಂತದ್ದು.

ಬುಧವಾರ ಹೋದೆವು, ಬಂದೆವು. ಮುಂದಿನ ಭಾನುವಾರ ಕುಲಶೇಖರದ ಇಗರ್ಜಿಯಲ್ಲಿ ಪೂಜೆ ಮುಗಿದು ಹೊರಗೆ ಬರುವಾಗ ಮೆಟ್ಟಿಲ ಹತ್ತಿರ ಮಾಂಯ್ ಸುತ್ತ ಏಳೆಂಟು ಹೆಂಗಸರು. ದೂರದ ವಾರ್ಡಿನ ಒಬ್ಬಳಿಗೆ ಸುದ್ದಿ ಅರ್ಧ ಮಾತ್ರ ಮುಟ್ಟಿತ್ತು.

"ನಿಮ್ಮ ಬಿಜೈ ಸೊಸೆಯದು ವಿಶೇಷವಂತೆ ಅಲ್ವಾ? ಈಗ ಎಷ್ಟರಲ್ಲಿ?"

ನಾನು ಕಂಬದ ಮರೆಯಲ್ಲಿ ನಿಂತೆ. ಮಾಂಯ್ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು.

"ವಿಶೇಷವೇ. ಈಗ ತೀರ್ಥಹಳ್ಳಿ ಮುಗಿದು ಶಿವಮೊಗ್ಗದಲ್ಲಿ. ಪುರಸೊತ್ತು ಎಲ್ಲಿ ಅವಳಿಗೆ? ಘಟ್ಟದ ಮೇಲೆ ಇವಳು ಹೋಗದಿದ್ದರೆ ಮನೆಗಳಿಗೆ ಮಾಡೇ ಇಲ್ಲವಂತೆ. ಧಣಿಗಳು ಕಾರು ತಗೊಂಡು ಮನೆಗೆ ಬಂದು ಕೇಳಿಕೊಂಡರು, ನನ್ನ ಕಣ್ಣೆದುರು. ಗಂಡನನ್ನು ಚೀಲ ಹೊರಲಿಕ್ಕೆ ಕೊಟ್ಟಿದ್ದಾರೆ."

ಹೆಂಗಸರು ಬಾಯಿ ತೆರೆದು ಕೇಳಿದರು. ಮಾಂಯ್ ಅವರನ್ನು ಹಾಗೆಯೇ ಬಿಟ್ಟು ರಾಣಿಯ ಹಾಗೆ ಇಳಿದು ಬಂದರು. ಕಂಬದ ಹತ್ತಿರ ನನ್ನನ್ನು ಕಂಡು ಒಂದು ಕ್ಷಣ ತಡೆದು, ಆಚೆ ಈಚೆ ನೋಡಿ, ಕಿವಿಯ ಹತ್ತಿರ ಬಗ್ಗಿದರು.

"ಬಾಯ್, ಈ ಶಿವಮೊಗ್ಗ ಯಾವ ದಿಕ್ಕಿಗೆ?"

ಘಟ್ಟದ ಕಡೆ ಕೈ ತೋರಿಸಿದೆ.

"ಹೌದಾ? ನಾನು ಇಷ್ಟು ದಿನ ಸಮುದ್ರದ ಕಡೆ ತಿರುಗಿ ಕೂತು ನಿಮಗೆ ಜಪಸರ ಹೇಳ್ತಿದ್ದೆ," ಎಂದು ಮಾಂಯ್ ನಾಲಿಗೆ ಕಚ್ಚಿಕೊಂಡರು. "ಸುಮ್ಮನೆ ಅಲ್ಲ ಅವನಿಗೆ ವಾಂತಿ ನಿಲ್ಲದ್ದು."